ಬಲ್ಲ ಮೂಲಗಳ ಪ್ರಕಾರ

ಮೊದಲ ಕಲ್ಲು ನನ್ನ ಜೀಪಿನ ಗಾಜು ಒಡೆಯಿತು.

ಎರಡನೆಯದು ನನ್ನ ಭುಜಕ್ಕೆ ಬಿತ್ತು!

ಸಾಸ್ವೆಹಳ್ಳಿ. ಮಟಮಟ ಮಧ್ಯಾಹ್ನ. ನಡುರಸ್ತೆಯಲ್ಲಿ ಓಂಕಾರ್ ಬೋರಲು ಬಿದ್ದಿದ್ದ. ಸುತ್ತ ದೊಣ್ಣೆಗಳು. ಅವನ ಎದೆಯಡಿ ಒಂದು ಪುಟ್ಟ ಹುಡುಗಿ... ಒಂದೇಟೂ ಅವಳಿಗೆ ತಾಗದ ಹಾಗೆ ಬೆನ್ನೊಡ್ಡಿದ್ದ.

ಅವನು ಜಗಳೂರಿನ ಕಂಬಳಿ ವ್ಯಾಪಾರಿ. ಹುಡುಗಿ ಅವನ ಸ್ವಂತ ಮಗಳು, ಚೈತ್ರಾ. ಬೆಳಿಗ್ಗೆ ಹೊನ್ನಾಳಿಯ 'ಗುಡುಗು ನ್ಯೂಸ್' ಅವರಿಬ್ಬರ ಫೋಟೋ ಹಾಕಿತ್ತು. 'ಸಾಸ್ವೆಹಳ್ಳಿಗೆ ಮಕ್ಕಳ ಕಳ್ಳ ಬಂದಿದ್ದಾನೆ, ಎಚ್ಚರ!'

ಅದನ್ನು ನೋಡಿ ಅವನ ಹೆಂಡತಿ ನೇತ್ರಾವತಿ ನನಗೆ ಫೋನ್ ಮಾಡಿದ್ದಳು.

"ಸಂಧ್ಯಾರಾಣಿ ಮೇಡಂ, ಅವ್ರು ಫೋನ್ ಎತ್ತುತಿಲ್ಲ... ಹೆಂಗಾದ್ರೂ ಹುಡುಕ್ರಿ!"

ನಾನು ಪೊಲೀಸ್ ಕೆಲಸ ಬಿಟ್ಟವಳು; ಈಗ ಕಾಣೆಯಾದವರನ್ನು ಹುಡುಕಿಕೊಡುತ್ತೇನೆ. ಹೊಡೆಯುವುದನ್ನು ಬಿಟ್ಟಿಲ್ಲ. ಜಾಕ್ ರಾಡು ಹಿಡಿದು ಕೆಳಗಿಳಿದೆ. ಹತ್ತಿರ ಬಂದ ಮೊದಲನೆಯವನ ಮಂಡಿ ಮುರಿಯಿತು. ಎರಡನೆಯವನ ದೊಣ್ಣೆ ಹಾರಿತು.

"ಇವ್ನು ಕದ್ದಿದ್ದು ಯಾರು ನೋಡಿದ್ರಿ?"

"ನ್ಯೂಸ್‌ನಾಗೆ ಐತಲ್ರೀ!"

"ಮಗೂನ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ!

ಚೈತ್ರಾ ತಲೆಯೆತ್ತಿದಳು. ಅವನ ಕೆನ್ನೆಯ ರಕ್ತ ಒರೆಸುತ್ತಾ ಅತ್ತಳು.

"ಅಪ್ಪಾ... ಏಳಪ್ಪಾ..."

ದೊಣ್ಣೆಗಳು ಒಂದೊಂದಾಗಿ ಕೆಳಗಿಳಿದವು.

ಅವನನ್ನು ಹೊನ್ನಾಳಿ ಆಸ್ಪತ್ರೆಗೆ ಸೇರಿಸಿದೆ. ಕೈ ಎರಡು ಕಡೆ ಮುರಿದಿತ್ತು. ಒಂದು ಕಣ್ಣು ಉಳಿಯುವುದಿಲ್ಲ ಎಂದರು ಡಾಕ್ಟರ್.

ಮತ್ತೆ ರಾಡು ಎತ್ತಿಕೊಂಡೆ. ನೇರ 'ಗುಡುಗು ನ್ಯೂಸ್' ಆಫೀಸಿಗೆ ಹೋದೆ.

ಬಾಗಿಲನ್ನು ಒದ್ದೇ ತೆಗೆದೆ. ಮಾಲೀಕ ಗುರುಬಸವರಾಜ್ ಕ್ಯಾಮೆರಾ ಮುಂದೆ ಪೌಡರ್ ಹಚ್ಚಿಕೊಳ್ಳುತ್ತಿದ್ದ. ಕಾಲರ್ ಹಿಡಿದು ಗೋಡೆಗೆ ಒತ್ತಿದೆ.

"ಯಾರು ಹೇಳಿದ್ದು ನಿಂಗೆ?"

"ಬಲ್ಲ ಮೂಲಗಳು..."

ತಲೆ ಗೋಡೆಗೆ ಬಡಿಯಿತು.

"ಹೆಸರು!"

"ಚನ್ನಗಿರಿಯ ತಿಪ್ಪೇರುದ್ರಸ್ವಾಮಿ ರೀ! 'ಕಹಳೆ ಟೀವಿ'ಯವ್ರು. ಅವ್ರೂ ಹಾಕ್ಯಾರೆ!"

ಅವನ ಫೋನಿನಿಂದಲೇ ಕರೆ ಮಾಡಿಸಿದೆ. ಸ್ಪೀಕರ್ ಆನ್.

"ನಂಗೇನು ಗೊತ್ರೀ?" ಎಂದ ತಿಪ್ಪೇರುದ್ರಸ್ವಾಮಿ. "ನೀವು ಹಾಕಿದ್ರಿ, ನಾನು ಎತ್ಕೊಂಡೆ!"

ಗುರುಬಸವರಾಜನ ಮುಖದ ಪೌಡರ್ ಬೆವರಿನಲ್ಲಿ ಕರಗಿತು.

"ಈಗ ನಿಜ ಹೇಳು."

"ವಾಟ್ಸಾಪ್ ಗ್ರೂಪ್‌ನಾಗೆ ಫೋಟೋ ಬಂದಿತ್ತು ಮೇಡಂ. 'ಈ ಮಗು ಯಾಕೆ ಅಳ್ತೈತೆ?' ಅಂತ ಯಾರೋ ಕೇಳಿದ್ರು..."

"ಕೇಳಿದ್ರು! ನೀನು 'ಕಳ್ಳ' ಅಂತ ಬರೆದೆ?"

"ಪ್ರಶ್ನೆ ಹಾಕಿದ್ರೆ ಯಾರು ನೋಡ್ತಾರ್ರೀ?"

ರಾಡು ಎತ್ತಿದೆ. ಅಷ್ಟರಲ್ಲಿ ಅವನ ಕ್ಯಾಮೆರಾಮನ್ ಟ್ರೈಪಾಡ್ ಬೀಸಿದ. ನನ್ನ ಮೂಗಿನ ಮೂಳೆ ಲಟಕ್ಕೆಂದಿತು! ಬಾಯಿ ತುಂಬ ರಕ್ತ. ರಾಡಿನಲ್ಲಿ ಅವನ ಮೊಣಕೈಗೆ ಕೊಟ್ಟೆ. ಕಿರುಚುತ್ತಾ ಮೆಟ್ಟಿಲಲ್ಲಿ ಉರುಳಿದ.

ಗುರುಬಸವರಾಜನನ್ನು ಕುರ್ಚಿಗೆ ತಳ್ಳಿದೆ.

"ಲೈವ್ ಬಾ."

"ಏನಂತ ಹೇಳ್ಲಿ?"

"ಸುಳ್ಳು ಬರೆದೆ ಅಂತ. ಮಗು ಅವನದೇ ಅಂತ. ಯಾರನ್ನೂ ವಿಚಾರಿಸಿರಲಿಲ್ಲ ಅಂತ."

ಅಳುತ್ತಾ ಹೇಳಿದ. ಆಮೇಲೆ ಪೊಲೀಸರು ಬಂದು ಅವನನ್ನು ಎಳೆದೊಯ್ದರು. ನನ್ನ ಹೇಳಿಕೆಯನ್ನೂ ಬರೆದುಕೊಂಡರು.

ಸಂಜೆ ಆಸ್ಪತ್ರೆಯಲ್ಲಿ ನೇತ್ರಾವತಿ ಗಂಡನ ಪಕ್ಕ ಕೂತಿದ್ದಳು. ಮಡಿಲಲ್ಲಿ ಚೈತ್ರಾ ನಿದ್ದೆ ಹೋಗಿದ್ದಳು. ನೇತ್ರಾವತಿ ತನ್ನ ಫೋನನ್ನು ನನ್ನ ಕೈಗಿಟ್ಟಳು.

'ಕಹಳೆ ಟೀವಿ.' ಕೆಂಪಕ್ಷರ. 'ಪತ್ರಕರ್ತನ ಮೇಲೆ ಮಕ್ಕಳ ಕಳ್ಳರ ನಾಯಕಿಯ ದಾಳಿ! ಗಲಾಟೆಯಲ್ಲಿ ನಾಯಕಿಯ ಮೂಗು ಮುರಿತ!'

ಮೂಗಿನ ವಿಷಯದಲ್ಲಿ ಮಾತ್ರ ಅವರ ಮೂಲ ನಂಬಿಕಸ್ತ.