ಹನ್ನೊಂದು ಗುಪ್ತ ಕಿಸೆಗಳು

ಕುಶಾಲಪ್ಪ ಮೂರನೆಯ ಸಲವೂ ಮದುವೆಯ ಮಾತೆತ್ತದೆ ಎದ್ದುಹೋದಾಗ ಲೋಲಾಕ್ಷಿಗೆ ಜಗಲಿಯ ಹೊಲಿಗೆ ಮೆಷಿನನ್ನೇ ಎತ್ತಿ ಅವನ ಮೇಲೆ ಹಾಕಬೇಕೆನಿಸಿತು.

ಅವನು ಪಾಣೆಮಂಗಳೂರಿನಲ್ಲಿ ಕೂತು ಹೊಸ ಹೊಸ ಜಾದೂ ಕಂಡುಹಿಡಿದು ಊರೂರು ತಿರುಗುವ ಜಾದೂಗಾರರಿಗೆ ಕಲಿಸಿಕೊಡುತ್ತಿದ್ದ. ಚಪ್ಪಾಳೆ ಅವರಿಗೆ. ಅವನ ಕೋಟಿನ ಹನ್ನೊಂದು ಗುಪ್ತ ಕಿಸೆಗಳನ್ನು ಹೊಲಿದವಳು ಲೋಲಾಕ್ಷಿ. ಅಳತೆ ತೆಗೆಯುವುದರಲ್ಲೇ ಎರಡು ವರ್ಷ ಕಳೆದಿತ್ತು. ಟೇಪು ಎದೆಯ ಸುತ್ತ ಬಂದಾಗಲೆಲ್ಲ ಅವನು ಉಸಿರು ಕಟ್ಟಿ ನಿಲ್ಲುತ್ತಿದ್ದ.

"ಉಸಿರು ಬಿಡಿ, ಕೋಟು ದೊಡ್ಡದಾಗ್ತದೆ" ಎಂದು ಅವಳು ನಗು ನುಂಗಿ ಗದರುತ್ತಿದ್ದಳು.

ಆದರೆ ಅವಳ ಅಪ್ಪ ರುಕ್ಮಯ್ಯ ಮಾಸ್ಟ್ರ ಮುಂದೆ ಅವನ ಬಾಯಿ ಒಣಗುತ್ತಿತ್ತು, ಕೈ ಮಾತ್ರ ಓಡುತ್ತಿತ್ತು. ಒಮ್ಮೆ ಅವರ ಕಿವಿಯಿಂದ ವೀಳ್ಯದೆಲೆ ತೆಗೆದ. ಇನ್ನೊಮ್ಮೆ ಕನ್ನಡಕ ಮಾಯ ಮಾಡಿದ. ಮತ್ತೊಮ್ಮೆ ಅವಳ ಅಮ್ಮ ಕಾವೇರಮ್ಮನ ಸೌಟು. ಮಾಸ್ಟ್ರು ಮಗುವಿನಂತೆ ನಕ್ಕರು. ಇವನು ಕಾಫಿ ಕುಡಿದು ಬಸ್ಸು ಹತ್ತಿದ.

ಈಗ ಬುಧವಾರ ಬೆಳ್ತಂಗಡಿಯವರು ಹೆಣ್ಣು ನೋಡಲು ಬರುವವರಿದ್ದರು.

"ಮಂಗಳವಾರ ಖಂಡಿತ ಕೇಳ್ತೇನೆ ಮಾರಾಯ್ತಿ. ಮೊದಲು ಒಂದು ಸಣ್ಣ ಜಾದೂ ಮಾಡಿ..." ಎಂದ ಕುಶಾಲಪ್ಪ ಜಗಲಿಯಲ್ಲಿ.

ಲೋಲಾಕ್ಷಿ ಅವನನ್ನೇ ದಿಟ್ಟಿಸಿದಳು. ಕಿಸೆ ಸಡಿಲವಾಗಿದೆ, ಕೋಟು ಬಿಟ್ಟುಹೋಗಿ ಎಂದಳು.

ಮಂಗಳವಾರ ಸಂಜೆ ಅವನು ಜಗಲಿಯಲ್ಲೇ ಕೋಟು ತೊಟ್ಟು ಒಳಗೆ ಹೋದ. ಕಾವೇರಮ್ಮ ಬೆಲ್ಲ ನೀರು ತಂದಿಟ್ಟರು. ಮಾಸ್ಟ್ರು ತಾವಾಗಿಯೇ ನಶ್ಯದ ಡಬ್ಬಿ ಕೊಟ್ಟು ಕಾದು ಕೂತರು. ಕುಶಾಲಪ್ಪ ಅದನ್ನು ಮುಷ್ಟಿಯಲ್ಲಿಟ್ಟು ಕೈಯಾಡಿಸಿದ. ಎಡ ಕಂಕುಳ ಕಿಸೆಗೆ ಬಾಯಿಯೇ ಇರಲಿಲ್ಲ. ಬಲಕ್ಕೂ ಇಲ್ಲ. ತೋಳಿನದಕ್ಕೂ ಇಲ್ಲ.

"ಡಬ್ಬಿ ಕೈಯಲ್ಲೇ ಉಂಟಲ್ಲ" ಎಂದರು ಮಾಸ್ಟ್ರು.

ಬಾಗಿಲಲ್ಲಿ ಲೋಲಾಕ್ಷಿ ಅವನ ಕಣ್ಣಿಗೆ ಕಣ್ಣಿಟ್ಟು ನಿಂತಿದ್ದಳು. ರೆಪ್ಪೆ ಅಲುಗಲಿಲ್ಲ. ಅವನು ಡಬ್ಬಿಯನ್ನು ಮೆಲ್ಲನೆ ಕೆಳಗಿಟ್ಟ.

"ಇವತ್ತು ಜಾದೂ ಇಲ್ಲ ಮಾಸ್ಟ್ರೇ. ಲೋಲಾಕ್ಷಿಯನ್ನು ನನಗೆ ಕೊಡ್ತೀರಾ ಅಂತ ಕೇಳ್ಲಿಕ್ಕೆ ಬಂದೆ. ನಾಲ್ಕು ಸಲವೂ ಅದಕ್ಕೇ ಬಂದದ್ದು."

ಮಾಸ್ಟ್ರು ಮಗಳ ಮುಖ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಅಷ್ಟು ಸಾಕಾಯಿತು ಅವರಿಗೆ. ಬೆಳ್ತಂಗಡಿಯವರಿಗೆ ಏನು ಹೇಳುವುದೆಂದು ಹೆಂಡತಿಯನ್ನು ಕೇಳಿದರು.

"ಹುಡುಗಿ ಮಾಯ ಆದ್ಲು ಅಂತ ಹೇಳಿ" ಎಂದರು ಕಾವೇರಮ್ಮ.

ಮೆಟ್ಟಿಲ ಬಳಿ ಕುಶಾಲಪ್ಪ ಪಿಸುಗುಟ್ಟಿದ: "ಹನ್ನೊಂದರ ಬಾಯನ್ನೂ ಹೊಲಿದುಬಿಟ್ಟಿದ್ದೀಯಲ್ಲ ಮಾರಾಯ್ತಿ. ಯಾವಾಗ ಬಿಚ್ಚಿಕೊಡ್ತಿ?"

ಅವಳು ಅವನ ಕೋಟಿನ ಗುಂಡಿ ಸರಿಮಾಡಿದಳು. ಅವನ ಎದೆ ಅಲುಗದೆ ನಿಂತಿತ್ತು.

"ಮೊದಲು ಉಸಿರು ಬಿಡಿ."