ವಾಡಿಯ ದಾನಿಗಳು ಮಾಯವಾದದ್ದು

ವಾಡಿಯ ರಕ್ತದಾನಿಗಳೆಲ್ಲ ಮಾಯವಾಗಿದ್ದರು.

ಅದು ಗೊತ್ತಾಗುವಷ್ಟರಲ್ಲಿ ದಂಡೋತಿಯ ಚಂದ್ರಕಲಾ ಹೆರಿಗೆಯಲ್ಲಿ ಒಂದೇ ಸಮನೆ ರಕ್ತ ಹೋಗಿ ತೀರಿಕೊಂಡಿದ್ದಳು. ಅವಳಿಗೆ ಬೇಕಾಗಿದ್ದ ಓ ನೆಗೆಟಿವ್ ರಕ್ತದ ಇಬ್ಬರು ವಾಡಿಯಲ್ಲೇ ಇದ್ದರು. ಆದರೆ ಚಿತ್ತಾಪುರದ ರಕ್ತದಾನಿಗಳ ಸಂಘದ ಕಂಪ್ಯೂಟರಿನಲ್ಲಿ ‘ವಾಡಿ’ ಎಂದು ಹುಡುಕಿದರೆ ಬಂದ ಉತ್ತರ — ಯಾರೂ ಇಲ್ಲ.

ಆ ತಂತ್ರಾಂಶ ಬರೆದವಳು ಸೇಡಂನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಕರುಣಾ. ಸುದ್ದಿ ತಿಳಿದು ಓಡಿ ಬಂದಳು.

“ಇದು ಅಬ್ದುಲ್ ಕರೀಮನ ಕೆಲಸಾನೇ ಮೇಡಂ,” ಎಂದ ಸಂಘದ ಕಾರ್ಯದರ್ಶಿ ದೇವಾನಂದ. “ಇಲ್ಲೇ ಆಪರೇಟರ್ ಇದ್ದ. ನನ್ನ ಸಂಗಟ ಜಗಳಾಡಿ ಬಿಟ್ಟು ಹೋದ. ಹೋಗೂಮುಂದ ವಾಡಿ ಹೆಸರು ಅಳಿಸ್ಯಾನ. ತಾ ಬರೆದ ಶಹಾಬಾದ ಹೆಸರು ಒಂದೂ ಮುಟ್ಟಿಲ್ಲ, ನೋಡ್ರಿ! ದಂಡೋತಿಯವರಿಗೂ ಹೇಳೀನಿ.”

“ಕಂಪ್ಯೂಟರಿನಾಗ ಮತ್ತೇನರ ಬದಲಾಗ್ಯದೇನ್ರಿ?”

“ಏನಿಲ್ಲ. ಮೊನ್ನೆ ಡೇಟಾಬೇಸ್ ಹೊಸಾದು ಹಾಕ್ಸೀವಿ, ಅಷ್ಟೇ.”

ಕರುಣಾ ಡೇಟಾಬೇಸನ್ನೇ ನೇರವಾಗಿ ತೆರೆದಳು. ವಾಡಿಯ ಹೆಸರುಗಳೆಲ್ಲ ಅಲ್ಲೇ ಇದ್ದವು! ಯಾರೂ ಅಳಿಸಿರಲಿಲ್ಲ, ತಿದ್ದಿರಲೂ ಇಲ್ಲ.

ಹಳೆಯ ಡೇಟಾಬೇಸಿನ ಪ್ರತಿಯಲ್ಲಿ ‘ವಾಡಿ’ ಹುಡುಕಿದಳು — ಎಲ್ಲರೂ ಬಂದರು. ಹೊಸದರಲ್ಲಿ ಹುಡುಕಿದಳು — ಯಾರೂ ಇಲ್ಲ. ಪ್ರಶ್ನೆ ಒಂದೇ, ಉತ್ತರ ಎರಡು. ಶಹಾಬಾದದವರು ಮಾತ್ರ ಎರಡರಲ್ಲೂ ಬರುತ್ತಿದ್ದರು. ಯಾಕೆ?

ವಾಡಿಯ ದಾನಿಗಳ ವಿವರ ತುಂಬಿದ್ದ ನರ್ಸ್ ಸಪ್ನಾಗೆ ಫೋನ್ ಮಾಡಿದಳು.

“ನೀ ಹ್ಯಾಂಗ ಟೈಪ್ ಮಾಡ್ತಿದ್ದಿ?”

“ಫೋನಿನಾಗ ಅಕ್ಕಾ. ‘ವಾ’ ಅಂತ ಒತ್ತಿದ್ರ ‘ವಾಡಿ’ ತಾನೇ ಮ್ಯಾಲ ಬರ್ತದ. ಅದನ್ನ ಮುಟ್ಟಿ ಮುಂದ ಹೋಗ್ತಿದ್ದೆ.”

ಕರುಣಾ ಗಕ್ಕನೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು.

“ದೇವಾನಂದ ಅವರೇ, ಫೋನು ತಾನೇ ಶಬ್ದ ತುಂಬಿದಾಗ ಕಡೀಗೆ ಒಂದು ಖಾಲಿ ಜಾಗಾ ಬಿಡ್ತದ. ಕಣ್ಣಿಗೆ ಕಾಣಂಗಿಲ್ಲ. ಹಳೇ ಡೇಟಾಬೇಸ್ ಅದನ್ನ ಲೆಕ್ಕಕ್ಕ ಹಿಡೀತಿದ್ದಿಲ್ಲ, ಹೊಸಾದು ಹಿಡೀತದ. ಅದಕ್ಕ ಜಾಗಾ ಇದ್ದ ವಾಡಿ ಬ್ಯಾರೆ, ಇಲ್ಲದ ವಾಡಿ ಬ್ಯಾರೆ! ಕರೀಮ್ ಕಂಪ್ಯೂಟರಿನಾಗ ಟೈಪ್ ಮಾಡಿದ್ರು. ಅದಕ್ಕ ಶಹಾಬಾದ ಉಳೀತು.”

“ಹಂಗಾರ ತಪ್ಪು ಯಾರ್ದು?”

“ನಡುವಿನ ಲೈಬ್ರರಿದು. ನಮ್ಮ ಪ್ರಶ್ನೆ ಡೇಟಾಬೇಸಿಗೆ ಮುಟ್ಟಿಸೋ ಕೋಡ್ ಅದು. ಯಾರ್ಯಾರೋ ಕೂಡಿ ಬರೆದದ್ದು, ಯಾರು ಬೇಕಾದ್ರೂ ಪುಕ್ಕಟೆ ಬಳಸಬಹುದು. ಯಾವ ಡೇಟಾಬೇಸ್ ಇದ್ರೂ ಒಂದೇ ಉತ್ತರ ಕೊಡ್ತೀನಿ ಅಂತದ. ಕೊಡಂಗಿಲ್ಲ.”

ಲೈಬ್ರರಿಯ ಪುಟ ತೆರೆದು ತೋರಿಸಿದಳು. ಇದೇ ದೋಷವನ್ನು ಯಾವುದೋ ದೇಶದವರು ವರ್ಷಗಳ ಹಿಂದೆಯೇ ಬರೆದು ತಿಳಿಸಿದ್ದರು. ಕೆಳಗೆ ಒಂದು ಉತ್ತರವೂ ಇರಲಿಲ್ಲ. ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದವರು ಎಂದೋ ಕೈಬಿಟ್ಟಿದ್ದರು.

ಸಂಘದ ಕಂಪ್ಯೂಟರಿನಲ್ಲಿದ್ದ ಲೈಬ್ರರಿಯ ಪ್ರತಿಯನ್ನು ಕರುಣಾ ಸರಿಪಡಿಸಿದಳು. ವಾಡಿಯ ಹೆಸರುಗಳು ಪರದೆಯ ತುಂಬ ಬಂದವು. ತಿದ್ದಿದ್ದನ್ನು ಲೈಬ್ರರಿಗೂ ಕಳಿಸಿದಳು — ಯಾರು ನೋಡುತ್ತಾರೆ? ದೇವಾನಂದ ಕರೀಮನಿಗೆ ಮತ್ತೆ ಮತ್ತೆ ಫೋನ್ ಮಾಡಿದ. ಅವನು ಎತ್ತಲಿಲ್ಲ.

ಕರುಣಾ ದಂಡೋತಿಗೆ ಹೋಗಿ ಚಂದ್ರಕಲಾಳ ತಾಯಿ ಅನಸುಬಾಯಿಗೆ ಎಲ್ಲ ಹೇಳಿದಳು. ಮುದುಕಿ ತೊಡೆಯ ಮೇಲಿನ ಮಗಳ ಕೂಸನ್ನು ತಟ್ಟುತ್ತ ಕೇಳಿಸಿಕೊಂಡಳು.

“ಅಂದ್ರ ಕರೀಮ ಮಾಡಿಲ್ಲ?”

“ಇಲ್ರಿ ಅವ್ವಾ.”

“ಮತ್ಯಾರೂ ಮಾಡಿಲ್ಲ?”

“ಬೇಕಂತ ಯಾರೂ ಮಾಡಿಲ್ರಿ.”

“ಬೈಲಿಕ್ಕರ ಒಬ್ಬಾಂವ ಇದ್ದ,” ಎಂದಳು ಅನಸುಬಾಯಿ. “ಅವನ್ನೂ ಕಸ್ಗೊಂಡ್ರಿ.”