ಒರೆಗೆ ಸರಿಯಾಗಿ ಕೂತ ಚಾಕು

"ಏಯ್, ಕೈ ತೆಗಿ. ಇದು ಮುತ್ತಾತಂದು. ನೂರು ವರ್ಷಕ್ಕೆ ಹತ್ರ ಹತ್ರ ಆಗಿದೆ," ಎಂದ ಮಾಟಿಸ್.

ಸ್ವೆನ್ಯ ಕೈ ಹಿಂದಕ್ಕೆ ಎಳೆದುಕೊಂಡಳು. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಚಿಕ್ಕಪ್ಪನ ಮಗ ಮಾಟಿಸ್ ಅವಳಿಗಿಂತ ಬರೀ ಮೂರು ತಿಂಗಳು ದೊಡ್ಡವನು. ಹನ್ನೆರಡು ತುಂಬಿದ ಮೊದಲ ಮೊಮ್ಮಗು ಎಂದು ತಾತ ಚಾಕುವನ್ನು ಅವನಿಗೇ ಕೊಟ್ಟುಬಿಟ್ಟಿದ್ದರು.

ಜಿಂಕೆ ಕೊಂಬಿನ ಹಿಡಿ, ಚರ್ಮದ ಒರೆ. ಮುತ್ತಾತ ಹುಡುಗನಾಗಿದ್ದಾಗ ಬೆಟ್ಟ ಸುತ್ತಲು ಹೊರಟರೆ ಇದು ಸೊಂಟದಲ್ಲಿರುತ್ತಿತ್ತಂತೆ. ಆಮೇಲೆ ತಾತನೂ ಹಾಗೇ ಕಟ್ಟಿಕೊಂಡು ಸುತ್ತಿದರು. ತಾತನ ಜೊತೆ ಕೊನೆಯವರೆಗೂ ಹತ್ತಿ, ರೊಟ್ಟಿ ಕುಯ್ದ ಮೇಲೆ ಚಾಕು ಒರೆಸಿ ಕೊಡುತ್ತಿದ್ದವಳು ಸ್ವೆನ್ಯ. ಮಾಟಿಸ್ ಅರ್ಧ ದಾರಿಯಲ್ಲೇ ಕಾಲು ನೋವು ಅಂತ ಕೂರುವ ಗಿರಾಕಿ.

"ಮೊಂಡಾಗಿದೆಯಲ್ಲೋ. ಸಾಣೆ ಹಿಡಿಸ್ಕೊಂಡು ಬರ್ಲಾ?" ಎಂದಳು.

ಅವರ ಊರು ಸೋಲಿಂಗೆನ್ ಜರ್ಮನಿಗೇ ಚಾಕು ಮಾಡಿಕೊಡುವ ಊರು, ಅಲ್ಲಿ ಮನೆಗೊಬ್ಬರಾದರೂ ಚಾಕು ಮಾಡಿದವರೇ. ಮೊಂಡು ಚಾಕು ಇಟ್ಟುಕೊಂಡರೆ ಮಾನ ಹೋದ ಹಾಗೆ. ಮಾಟಿಸ್ ಕೊಟ್ಟ.

"ಭಾನುವಾರ ಕಾಫಿ ಹೊತ್ತಿಗೆ ತಂದ್ಕೊಡು. ಸೋಮವಾರ ಕ್ಲಾಸಲ್ಲಿ ಇದರ ಫೋಟೋ ತೋರಿಸ್ಬೇಕು."

ಬಸ್‌ಸ್ಟಾಪಿನಲ್ಲಿ ಸ್ವೆನ್ಯ ಚಾಕುವನ್ನು ಹಿರಿದು ನೋಡಿದಳು. ಅಲಗಿನ ಬುಡದಲ್ಲಿ ಹಳೇ ಜಿಡ್ಡು. ಉಗುರಿನಿಂದ ಕೆರೆದಳು. ಸಣ್ಣ ಅಕ್ಷರಗಳು ಕಂಡವು. ಪಶ್ಚಿಮ ಜರ್ಮನಿಯಲ್ಲಿ ತಯಾರಾದದ್ದು ಅಂತ, ಅದೂ ಇಂಗ್ಲಿಷಿನಲ್ಲಿ.

ದೇಶ ಎರಡು ಹೋಳಾಗಿದ್ದು ಯುದ್ಧ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಮುತ್ತಾತನಿಗೆ ಮದುವೆಯಾಗಿ ಮಗುವೂ ಆಗಿತ್ತು. ನೂರು ವರ್ಷವಂತೆ, ನೂರು ವರ್ಷ! ಮಾಟಿಸ್ ಜಂಬವೆಲ್ಲ ಠುಸ್. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ಸಾಣೆ ಅಂಗಡಿಯ ಎವರ್ಟ್ಸ್ ಅಜ್ಜಿಗೆ ತಾತನಷ್ಟೇ ವಯಸ್ಸು.

"ಇದು ಯುದ್ಧ ಆದ್ಮೇಲಿನದು, ಅಲ್ವಾ ಅಜ್ಜಿ? ಹಾಗಂತ ಒಂದು ಚೀಟೀಲಿ ಬರ್ಕೊಡ್ತೀರಾ?"

ಅಜ್ಜಿ ಹಿಡಿಯ ಬಿರುಕಿನ ಮೇಲೆ ಹೆಬ್ಬೆರಳಾಡಿಸಿದರು. "ಐವತ್ತೆಂಟನೇ ಇಸವೀದು. ಹೊರದೇಶಕ್ಕೆ ಹೋಗೋ ಪೆಟ್ಟಿಗೇಲಿತ್ತು, ಅದಕ್ಕೇ ಇಂಗ್ಲಿಷ್ ಮುದ್ರೆ. ಹಿಡಿ ಬಿರುಕು ಬಿಟ್ಟಿದೆ ಅಂತ ನಮ್ಮಪ್ಪ ತೆಗೆದಿಟ್ಟಿದ್ರು."

"ಇಸವೀನೂ ಹೇಗೆ ಗೊತ್ತು?"

"ನಾನು ಇಲ್ಲೇ ಕೂತಿದ್ದೆ ಕಣೇ, ನಿನ್ನಷ್ಟಿದ್ದೆ. ಒಬ್ಬ ಹುಡುಗ ಅಳ್ತಾ ಬಂದ, ಕೈಯಲ್ಲಿ ಖಾಲಿ ಒರೆ. ಅಪ್ಪನ ಚಾಕು ಹೇಳ್ದೆ ಕೇಳ್ದೆ ಎತ್ಕೊಂಡ್ಹೋಗಿ ನದೀಲಿ ಬೀಳಿಸ್ಕೊಂಡಿದ್ದ. ಇದು ಆ ಒರೆಗೆ ಸರಿಯಾಗಿ ಕೂತ್ಕೊಳ್ತು. ತನ್ನ ಸ್ಕೇಟ್ ಕೊಟ್ಟು ತಗೊಂಡ. ಆ ಸ್ಕೇಟಲ್ಲಿ ನಾನೇ ಆಡ್ದೆ."

"ಯಾರು ಆ ಹುಡುಗ?"

"ಇನ್ಯಾರು, ನಿಮ್ಮ ತಾತ."

ಸ್ವೆನ್ಯ ಒರೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಮುತ್ತಾತನಿಗೆ ಗೊತ್ತಾಗ್ಲಿಲ್ವಾ?"

"ಮೂವತ್ತು ವರ್ಷ ಸಾಣೆ ಹಿಡಿದ ಕೈಗೆ ಗೊತ್ತಾಗದೆ ಇರುತ್ತಾ? ಮಾರನೇ ದಿನವೇ ಇಲ್ಲಿಗೆ ಬಂದ್ರು. ನನಗೆ ಗೊತ್ತಾಯ್ತು ಅಂತ ಹುಡುಗನ ಹತ್ರ ಬಾಯಿ ಬಿಡಬೇಡಿ, ಅಂತ ನಮ್ಮಪ್ಪನಿಗೆ ಹೇಳಿ ಹೋದ್ರು." ಅಜ್ಜಿ ಪೆನ್ನು ಹುಡುಕಿದರು. "ಈಗ ಹೇಳು, ಬರ್ಕೊಡ್ಲಾ?"

"ಬರ್ಕೊಡಿ," ಎಂದಳು ಸ್ವೆನ್ಯ.

ಭಾನುವಾರ ಎಲ್ಲರ ತಟ್ಟೆಯಲ್ಲೂ ಬಿಸಿ ಚೆರ್ರಿ ಸುರಿದ ವಾಫಲ್. ಮಾಟಿಸ್ ಚಾಕುವನ್ನು ಎತ್ತಿ ಹಿಡಿದ. "ಹೇಳೇ, ಎಷ್ಟು ಹಳೇದಂತೆ? ಎವರ್ಟ್ಸ್ ಅಜ್ಜಿ ಕೇಳಿದ ತಕ್ಷಣ ಹೇಳಿಬಿಡ್ತಾರೆ."

ತಾತನ ಚಮಚ ಕಪ್ಪಿನಲ್ಲೇ ನಿಂತಿತು. ಎಪ್ಪತ್ತೆಂಟು ವರ್ಷದ ತಾತನ ಕಿವಿ ಚಿಕ್ಕ ಹುಡುಗನ ಕಿವಿಯ ಹಾಗೆ ಕೆಂಪಾಯಿತು.

ಚೀಟಿ ಸ್ವೆನ್ಯಳ ಜೇಬಿನಲ್ಲಿತ್ತು. ಓದಿದರೆ ಸಾಕು, ಮಾಟಿಸ್ ಮುಖ ಇಂಗು ತಿಂದ ಮಂಗನಂತಾಗುತ್ತಿತ್ತು. ಎರಡು ದಿನದಿಂದ ಅವಳು ಕಾದಿದ್ದು ಇದಕ್ಕೇ.

"ಮುತ್ತಾತನ ಕಾಲದ್ದೇ ಅಂತೆ," ಎಂದಳು.

"ನಾನು ಹೇಳ್ಲಿಲ್ವಾ?" ಮಾಟಿಸ್ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಸ್ವೆನ್ಯಗೆ ಮತ್ತೆ ಹೊಟ್ಟೆ ಉರಿಯಿತು, ಮೊದಲಿನಷ್ಟೇ.

ತಾತ ಗಂಟಲು ಸರಿಮಾಡಿಕೊಂಡರು. "ಅಜ್ಜಿ ಬೇರೆ ಏನಾದ್ರೂ ಹೇಳಿದ್ರಾ ಮಗಳೇ?"

"ಹಿಡೀಲಿ ಬಿರುಕಿದೆಯಂತೆ ತಾತ. ಆಗಾಗ ಎಣ್ಣೆ ಹಚ್ಚಬೇಕಂತೆ. ಅಷ್ಟೇ."

ತಾತ ಅವಳ ಮುಖವನ್ನೇ ನೋಡುತ್ತಿದ್ದರು. ಸ್ವೆನ್ಯ ತಲೆ ತಗ್ಗಿಸಿ ವಾಫಲ್ ಮುರಿದಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಮುತ್ತಾತನೂ ಅವತ್ತು ಮಗನೆದುರು ಹೀಗೇ ತಿನ್ನುತ್ತಾ ಕೂತಿದ್ದಿರಬೇಕು ಅಂತ ಅವಳಿಗೆ ಅನ್ನಿಸಿತು.